ದೆವ್ವಕ್ಕೆ ಹಾಡು ಕೊಡಬೇಕಾ? ಹಾರರ್ ಕಾದಂಬರಿಯನ್ನು ಒಪೆರಾ, ಮ್ಯೂಸಿಕಲ್ ಮಾಡುವ ದಾರಿ

ಹಾರರ್ ಕಾದಂಬರಿ ಓದುವಾಗ ನಾವು ಒಬ್ಬರೇ ಇರುತ್ತೇವೆ. ಬಾಗಿಲ ಆಚೆ ನಿಂತಿರುವುದು ಹೇಗಿದೆ ಅಂತ ನಮ್ಮ ಮನಸ್ಸೇ ಚಿತ್ರ ಬರೆದುಕೊಳ್ಳುತ್ತದೆ. ರಂಗದ ಮೇಲೆ ಹಾಗಾಗುವುದಿಲ್ಲ. ನೂರಾರು ಜನ ಒಟ್ಟಿಗೆ ಕೂತಿರುತ್ತಾರೆ, ಪಕ್ಕದವರು ಕೆಮ್ಮುತ್ತಿರುತ್ತಾರೆ, ಎದುರಿಗೆ ಒಬ್ಬ ಮನುಷ್ಯ ಬಾಯಿ ತುಂಬಾ ಹಾಡುತ್ತಿರುತ್ತಾನೆ. ಹಾಡುವವನನ್ನು ಕಂಡು ಹೆದರುವುದು ಕಷ್ಟ ಅಲ್ವಾ?

ಆದರೂ ಹಾರರ್ ಕಥೆಯನ್ನು ಒಪೆರಾ (ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ), ಮ್ಯೂಸಿಕಲ್ (ಮಾತು, ಹಾಡು, ಕುಣಿತ ಬೆರೆತ ನಾಟಕ) ಮಾಡುವ ಕೆಲಸ ಸುಮಾರು ಎರಡು ಶತಮಾನದಿಂದ ನಡೆಯುತ್ತಾ ಬಂದಿದೆ. 1828ರಲ್ಲೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಾರ್ಷ್ನರ್ ಎಂಬ ಸಂಗೀತಗಾರ ರಕ್ತಪಿಶಾಚಿಯ ಕಥೆಯನ್ನು ಒಪೆರಾ ಮಾಡಿದ್ದರು. 2016ರಲ್ಲಿ ಅಮೆರಿಕದ ಮಿನೆಸೋಟ ಒಪೆರಾ ಸ್ಟೀಫನ್ ಕಿಂಗ್ ಅವರ 'ದಿ ಶೈನಿಂಗ್' ಅನ್ನು ರಂಗಕ್ಕೆ ತಂದಿತು. ನಡುವೆ ಗೆದ್ದವು ಇವೆ, ನೆಲಕಚ್ಚಿದವೂ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವ ಮುಖ್ಯ ಪ್ರಶ್ನೆ ಒಂದೇ: ಯಾರು ಹಾಡುತ್ತಾರೆ, ಯಾರು ಹಾಡುವುದಿಲ್ಲ? ಇದನ್ನು ಸರಿಯಾಗಿ ತೀರ್ಮಾನಿಸಿದವರು ಗೆದ್ದಿದ್ದಾರೆ. ಕೆಳಗಿನ ಹೆಜ್ಜೆಗಳೆಲ್ಲ ಆ ತೀರ್ಮಾನದ ಸುತ್ತಲೇ ಇವೆ.

1. ಹಕ್ಕು ಯಾರದ್ದು ಅಂತ ಮೊದಲೇ ನೋಡಿ

ಇದು ಬೇಸರದ ಕೆಲಸ, ಆದರೆ ಒಂದು ಸಾಲು ಬರೆಯುವ ಮುಂಚೆಯೇ ಮುಗಿಸಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಕೃತಿಸ್ವಾಮ್ಯ ಇರುತ್ತದೆ. ಬ್ರಿಟನ್‌ನಲ್ಲಿ ಅದು 70 ವರ್ಷ. ಕಾದಂಬರಿಯನ್ನು ನಾಟಕ ಮಾಡುವುದೂ ಆ ಹಕ್ಕಿನ ಒಳಗೇ ಬರುತ್ತದೆ. ಮೇರಿ ಶೆಲ್ಲಿ, ಸ್ಟೀವನ್‌ಸನ್, ಬ್ರ್ಯಾಮ್ ಸ್ಟೋಕರ್, ಹೆನ್ರಿ ಜೇಮ್ಸ್, ಗಾಸ್ಟನ್ ಲೆರೂ ಇವರ ಪುಸ್ತಕಗಳನ್ನು ಈಗ ಯಾರು ಬೇಕಾದರೂ ಬಳಸಬಹುದು. ಕಿಂಗ್ ಪುಸ್ತಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು.

ಎರಡು ಕಡೆ ಜನ ಎಡವುತ್ತಾರೆ. ಮೂಲ ಪುಸ್ತಕ ಹಳೆಯದಾದರೂ ನೀವು ಓದಿದ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇರಬಹುದು. ಇನ್ನೊಂದು, ನಮ್ಮ ತಲೆಯಲ್ಲಿರುವ ಚಿತ್ರ ಬಹಳ ಸಲ ಸಿನಿಮಾದ್ದು. ಫ್ರಾಂಕನ್‌ಸ್ಟೈನನ ಜೀವಿಗೆ ಕತ್ತಿನಲ್ಲಿ ಬೋಲ್ಟ್ ಇರುವುದು 1931ರ ಚಿತ್ರದಲ್ಲಿ, ಶೆಲ್ಲಿಯ ಪುಸ್ತಕದಲ್ಲಿ ಅಲ್ಲ. 'ಶೈನಿಂಗ್' ಅಂದರೆ ಎಲ್ಲರಿಗೂ ಸಿನಿಮಾದ ಕೊಡಲಿ ನೆನಪಾಗುತ್ತದೆ. ಪುಸ್ತಕದಲ್ಲಿ ಕಥಾನಾಯಕ ಜ್ಯಾಕ್ ಹಿಡಿಯುವುದು ಚೆಂಡಾಟದ ಮರದ ಸುತ್ತಿಗೆ. ಆ ಒಪೆರಾ ಮಾಡಿದ ಪಾಲ್ ಮೊರಾವೆಕ್ ಮತ್ತು ಮಾರ್ಕ್ ಕ್ಯಾಂಪ್‌ಬೆಲ್ ಸಿನಿಮಾ ಬಿಟ್ಟು ನೇರವಾಗಿ ಕಾದಂಬರಿಗೇ ಹೋದರು. ಕಥೆಯ ದೃಷ್ಟಿಯಿಂದಲೂ ಅದು ಒಳ್ಳೆಯ ಆಯ್ಕೆ. ಕಾದಂಬರಿಯ ಜ್ಯಾಕ್ ಹೆಂಡತಿ ಮಗನನ್ನು ಪ್ರೀತಿಸುವ, ಕುಡಿತದ ಜೊತೆ ಹೋರಾಡುವ ಮನುಷ್ಯ. ಅಂಥವನಿಗೆ ಹಾಡಲು ಏನಾದರೂ ಇರುತ್ತದೆ.

ರಂಗದ ಹಕ್ಕಿನ ಚಿಂತೆ ಹೊಸದೇನಲ್ಲ. 'ಡ್ರಾಕುಲಾ' ಪುಸ್ತಕ 1897ರ ಮೇ 26ರಂದು ಹೊರಬಂತು. ಅದಕ್ಕೆ ಎಂಟು ದಿನ ಮುಂಚೆಯೇ, ಮೇ 18ರಂದು, ಸ್ಟೋಕರ್ ಲಂಡನ್ನಿನ ಲೈಸಿಯಮ್ ರಂಗಮಂದಿರದಲ್ಲಿ ಇಡೀ ಕಥೆಯ ನಾಟಕ ವಾಚನ ಮಾಡಿಸಿದರು. ನಾಟಕದ ಹಕ್ಕು ಕೈತಪ್ಪಬಾರದು ಎನ್ನುವುದೇ ಅದರ ಉದ್ದೇಶವಾಗಿತ್ತು.

2. ಭಯ ಎಲ್ಲಿದೆ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

ಪುಸ್ತಕವನ್ನು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಎಲ್ಲೆಲ್ಲಿ ಎದೆ ಹೊಡೆದುಕೊಂಡಿತೋ ಅಲ್ಲಿ ಗುರುತು ಹಾಕಿ. ಆಮೇಲೆ ಕೇಳಿಕೊಳ್ಳಿ: ಅಲ್ಲಿ ಏನೋ ಕಂಡಿದ್ದಕ್ಕೆ ಹೆದರಿದೆನಾ, ಕಾಣದೇ ಇದ್ದಿದ್ದಕ್ಕಾ? ಉತ್ತರವನ್ನು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ.

ಜೇಮ್ಸ್ ಅವರ 'ದಿ ಟರ್ನ್ ಆಫ್ ದಿ ಸ್ಕ್ರೂ' 1898ರ ಸಣ್ಣ ಕಾದಂಬರಿ. ಹಳ್ಳಿಯ ದೊಡ್ಡ ಬಂಗಲೆಗೆ ಇಬ್ಬರು ಅನಾಥ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಯುವತಿ ಬರುತ್ತಾಳೆ. ಸತ್ತುಹೋದ ಇಬ್ಬರು ಕೆಲಸದವರು ಅವಳಿಗೆ ಕಾಣಿಸತೊಡಗುತ್ತಾರೆ. ಅವು ನಿಜವಾದ ದೆವ್ವಗಳಾ, ಅವಳ ತಲೆಯೊಳಗಿನ ದೆವ್ವಗಳಾ? ಪುಸ್ತಕ ಕೊನೆಯವರೆಗೂ ಹೇಳುವುದಿಲ್ಲ. ಇಲ್ಲಿ ಭಯ ಇರುವುದು ಆ ಅನುಮಾನದಲ್ಲಿ.

ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಜೆಕಿಲ್ ಮತ್ತು ಹೈಡ್ ಕಥೆಯದು ಬೇರೆ ತೊಂದರೆ. ಪುಸ್ತಕದಲ್ಲಿ ಸಭ್ಯ ವೈದ್ಯ ಜೆಕಿಲ್, ಕ್ರೂರಿ ಹೈಡ್ ಇಬ್ಬರೂ ಒಬ್ಬನೇ ಎನ್ನುವುದು ಕೊನೆಗೆ ಬಯಲಾಗುವ ಗುಟ್ಟು. ಇವತ್ತು ಆ ಗುಟ್ಟು ಗೊತ್ತಿಲ್ಲದ ಪ್ರೇಕ್ಷಕರೇ ಇಲ್ಲ. ಹಾಗಾಗಿ ಗುಟ್ಟಿನ ಮೇಲೆ ನಾಟಕ ನಿಲ್ಲಿಸಲು ಆಗುವುದಿಲ್ಲ. ಫ್ರಾಂಕ್ ವೈಲ್ಡ್‌ಹಾರ್ನ್ ಸಂಗೀತದ ಮ್ಯೂಸಿಕಲ್ ತನ್ನನ್ನೇ ಹೈಡ್ ಮಾಡಿಕೊಳ್ಳುವ ಜೆಕಿಲನ ಪ್ರಯೋಗವನ್ನು ಮುಚ್ಚುಮರೆ ಇಲ್ಲದೆ ರಂಗದ ಮೇಲೇ ಮಾಡಿಸಿತು. ಕಥೆಗೆ ಇಬ್ಬರು ಹೆಂಗಸರನ್ನೂ ಸೇರಿಸಿತು. 'ಇವನು ಯಾರು' ಎನ್ನುವ ಪ್ರಶ್ನೆಯ ಜಾಗಕ್ಕೆ 'ಇವನು ಯಾರಿಗೆ ಏನು ಮಾಡಿಬಿಡುತ್ತಾನೋ' ಎನ್ನುವ ಆತಂಕ ಬಂತು. ನಿಮ್ಮ ಪುಸ್ತಕದ ಗುಟ್ಟು ಊರಿಗೆಲ್ಲ ಗೊತ್ತಿದ್ದರೆ ನೀವೂ ಹೀಗೆ ಭಯಕ್ಕೆ ಹೊಸ ಜಾಗ ಹುಡುಕಬೇಕು.

3. ಕತ್ತರಿಸಿ, ಆದರೆ ಕಥೆ ಹೇಳುವವರನ್ನು ಬೇಗ ಬಿಡಬೇಡಿ

ಹಾಡಿದ ಮಾತು ಆಡಿದ ಮಾತಿಗಿಂತ ಎರಡು ಮೂರು ಪಟ್ಟು ಸಮಯ ತಿನ್ನುತ್ತದೆ. ಎರಡು ಗಂಟೆಯ ಒಪೆರಾಗೆ ಮೂವತ್ತು ಪುಟದ ಪಠ್ಯವೇ ಧಾರಾಳ. ಉಪಕಥೆಗಳು ಹೋಗಲೇಬೇಕು. ಲೆರೂ ಅವರ 'ಫ್ಯಾಂಟಮ್ ಆಫ್ ದಿ ಒಪೆರಾ' ಕಾದಂಬರಿಯಲ್ಲಿ ಪರ್ಷಿಯನ್ ಎಂಬ ದೊಡ್ಡ ಪಾತ್ರ ಇದೆ. ಜನ ಭೂತ ಅಂತ ಹೆದರುವ ಮುಖವಾಡದ ಮನುಷ್ಯನ ಹಳೆಯ ಕಥೆ ಗೊತ್ತಿರುವುದು ಅವನಿಗೇ. ಆಂಡ್ರ್ಯೂ ಲಾಯ್ಡ್ ವೆಬರ್ ಅವರ ಮ್ಯೂಸಿಕಲ್‌ನಲ್ಲಿ ಅವನೇ ಇಲ್ಲ. ಓದುಗನಾಗಿ ನನಗೆ ಅದು ನೋವು. ಆದರೆ ಅವನು ಹೋದ ಮೇಲೆ ಗಾಯಕಿ ಕ್ರಿಸ್ಟೀನ್, ಅವಳ ಪ್ರಿಯಕರ ರಾವುಲ್, ಭೂತ ಈ ಮೂವರ ಎಳೆದಾಟ ಸ್ಪಷ್ಟವಾಯಿತು ಎನ್ನುವುದನ್ನು ಒಪ್ಪಲೇಬೇಕು.

ಕತ್ತರಿಸುವಾಗ ಒಂದು ಎಚ್ಚರಿಕೆ. ಹಾರರ್ ಕಾದಂಬರಿಗಳಲ್ಲಿ ಪತ್ರ, ದಿನಚರಿ, ಪತ್ರಿಕೆಯ ತುಣುಕು, ವಿಚಾರಣೆಯ ವರದಿ ಜಾಸ್ತಿ ಇರುತ್ತವೆ. ರಂಗಕ್ಕೆ ಇವು ಬೇಡದ ಹೊರೆ ಅಂತ ಮೊದಲು ಅನಿಸುತ್ತದೆ. ಶಾಲೆಯಲ್ಲಿ ಎಲ್ಲರೂ ಪೀಡಿಸುವ, ಮನಸ್ಸಿನ ಬಲದಿಂದಲೇ ವಸ್ತು ಸರಿಸಬಲ್ಲ ಹುಡುಗಿಯ ಕಥೆ, ಕಿಂಗ್ ಅವರ 1974ರ 'ಕ್ಯಾರಿ', ಹಾಗೇ ಇದೆ. ಅನಾಹುತ ಆಗಿಹೋದ ಮೇಲೆ ಜನ ಅದನ್ನು ಜೋಡಿಸಿ ನೋಡುತ್ತಿರುವಂತೆ ಬರೆದ ಪುಸ್ತಕ ಅದು. 1988ರ ಮ್ಯೂಸಿಕಲ್ ಈ ಚೌಕಟ್ಟನ್ನು ಬಿಟ್ಟು ನೇರವಾಗಿ ಶಾಲೆಯ ಜಿಮ್‌ನಲ್ಲಿ ಶುರುವಾಯಿತು. 2012ರಲ್ಲಿ ನ್ಯೂಯಾರ್ಕ್‌ನ ಎಂಸಿಸಿ ಥಿಯೇಟರ್ ಅದನ್ನು ತಿದ್ದಿ ಮತ್ತೆ ಆಡಿದಾಗ, ಬದುಕುಳಿದ ಸೂ ಎಂಬ ಹುಡುಗಿಯನ್ನು ವಿಚಾರಣೆ ಮಾಡುವ ಚೌಕಟ್ಟು ವಾಪಸ್ ಬಂತು. ಕೇಡು ನಡೆದೇ ನಡೆಯುತ್ತದೆ ಅಂತ ಮೊದಲೇ ಗೊತ್ತಾದರೆ ಪ್ರತಿ ಸಂತೋಷದ ಹಾಡಿನ ಕೆಳಗೂ ಒಂದು ನಡುಕ ಇರುತ್ತದೆ. ಆ ಚೌಕಟ್ಟಿನಿಂದ ಆಗುವ ಲಾಭ ಇದು.

4. ಯಾರು ಹಾಡಬೇಕು?

ಇಲ್ಲಿ ಅವಸರ ಮಾಡಬೇಡಿ. ಪಾತ್ರಗಳ ಪಟ್ಟಿ ಮಾಡಿ, ಪ್ರತಿಯೊಬ್ಬರ ಮುಂದೆ ಬರೆಯಿರಿ: ಹಾಡುತ್ತಾರೆ, ಮಾತಾಡುತ್ತಾರೆ, ಸುಮ್ಮನಿರುತ್ತಾರೆ. ಯಾಕೆ ಅನ್ನುವುದನ್ನೂ ಬರೆಯಿರಿ. ಕಾರಣ ಹೊಳೆಯದಿದ್ದರೆ ಆ ಪಾತ್ರ ಇನ್ನೂ ನಿಮ್ಮ ಕೈಗೆ ಸಿಕ್ಕಿಲ್ಲ.

ಒಂದು ದಾರಿ, ಕೇಡಿಗೆ ಹಾಡು ಕೊಡದೇ ಇರುವುದು. 1821ರಲ್ಲಿ ಬರ್ಲಿನ್‌ನಲ್ಲಿ ಮೊದಲು ಆಡಿದ, ಜರ್ಮನ್ ಸಂಗೀತಗಾರ ವೇಬರ್ ಅವರ 'ಡೆರ್ ಫ್ರೈಶುಟ್ಸ್' ಒಪೆರಾ ಒಂದು ದೆವ್ವದ ಕಥಾಸಂಕಲನದಿಂದ ಹುಟ್ಟಿದ್ದು. ಅದರಲ್ಲಿ ಸಾಮಿಯೆಲ್ ಎಂಬ ಪಿಶಾಚಿ ಬರುತ್ತಾನೆ. ಸುತ್ತಲಿನವರು ಹಾಡುತ್ತಾರೆ, ಅವನು ಹಾಡುವುದೇ ಇಲ್ಲ, ಬರೀ ಮಾತಾಡುತ್ತಾನೆ. ಹಾಡಿನ ಲೋಕದಲ್ಲಿ ಹಾಡು ಬಾರದವನು ಬಂದು ನಿಂತರೆ ಮೈ ಜುಮ್ಮೆನ್ನುತ್ತದೆ. ಖರ್ಚಿಲ್ಲದ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ.

ಎರಡನೆಯದು, ಹಾಡು ಕೊಟ್ಟು ಅದರಿಂದ ಜೀವ ಕಿತ್ತುಕೊಳ್ಳುವುದು. ಅದೇ ಒಪೆರಾದಲ್ಲಿ ನಡುರಾತ್ರಿ ಕಣಿವೆಯಲ್ಲಿ ಮಾಯದ ಗುಂಡು ಎರಕ ಹೊಯ್ಯುವ ದೃಶ್ಯ ಇದೆ. ಕಣ್ಣಿಗೆ ಕಾಣದ ಮೇಳ ಒಂದೇ ಸ್ವರ ಹಿಡಿದು ಹಾಡುತ್ತದೆ. ಒಂದೊಂದು ಗುಂಡಿನ ಎಣಿಕೆಗೂ ಕಣಿವೆ ಪ್ರತಿಧ್ವನಿ ಕೊಡುತ್ತದೆ. 1890ರಲ್ಲಿ ಚೈಕೋವ್‌ಸ್ಕಿ ಪುಷ್ಕಿನ್ನರ 'ಇಸ್ಪೀಟಿನ ರಾಣಿ' ಕಥೆಯನ್ನು ಒಪೆರಾ ಮಾಡಿದಾಗಲೂ ಸತ್ತ ಮುದುಕಿಯ ಭೂತಕ್ಕೆ ಒಂದೇ ಸ್ವರ ಕೊಟ್ಟರು. ಬದುಕಿದ್ದಾಗ ಅದೇ ಮುದುಕಿ ಹಳೆಯ ಫ್ರೆಂಚ್ ಹಾಡೊಂದನ್ನು ನೆನಪು ಮಾಡಿಕೊಂಡು ಗುನುಗಿರುತ್ತಾಳೆ. ಬದುಕಿದ್ದವಳಿಗೆ ರಾಗ ಇತ್ತು, ಸತ್ತವಳಿಗೆ ಬರೀ ಸ್ವರ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಕೇಡಿಗೇ ಅತಿ ಸುಂದರವಾದ ಹಾಡು ಕೊಡುವುದು. ಸಂಗೀತಗಾರ ಬೆಂಜಮಿನ್ ಬ್ರಿಟನ್ 'ಟರ್ನ್ ಆಫ್ ದಿ ಸ್ಕ್ರೂ' ಒಪೆರಾದಲ್ಲಿ ಹಿಡಿದ ದಾರಿ ಇದು. 1954ರ ಸೆಪ್ಟೆಂಬರ್ 14ರಂದು ವೆನಿಸ್‌ನ ಲಾ ಫೆನಿಚೆ ರಂಗಮಂದಿರದಲ್ಲಿ ಅದು ಮೊದಲು ಪ್ರಯೋಗವಾಯಿತು. ಪಠ್ಯ ಬರೆದವರು ಮಿಫಾನ್ವಿ ಪೈಪರ್. ಜೇಮ್ಸ್ ಪುಸ್ತಕದಲ್ಲಿ ದೆವ್ವಗಳು ಬಾಯೇ ಬಿಡುವುದಿಲ್ಲ. ಬ್ರಿಟನ್ ಮಾತ್ರ ಅವಕ್ಕೆ ಸರಿಯಾದ ಪದಗಳಿರುವ ಹಾಡೇ ಬೇಕು ಎಂದರು. ಸುಮ್ನೆ ಹೂಂ ಎಂದು ನರಳುವ ದೆವ್ವ ಅವರಿಗೆ ಬೇಡವಾಗಿತ್ತು. ಮೊದಲ ಅಂಕದ ಕೊನೆಗೆ ರಾತ್ರಿಯ ಕತ್ತಲಲ್ಲಿ, ಸತ್ತ ಕೆಲಸದವರಲ್ಲಿ ಒಬ್ಬನಾದ ಕ್ವಿಂಟ್‌ನ ದೆವ್ವ ಹುಡುಗನ ಹೆಸರನ್ನು ಹಿಡಿದು ಎಳೆದೆಳೆದು ಕರೆಯುತ್ತದೆ. ಆ ಆಲಾಪ ಎಷ್ಟು ಮೋಹಕವಾಗಿದೆ ಅಂದರೆ ಹುಡುಗ ಯಾಕೆ ಹೋಗುತ್ತಾನೆ ಅಂತ ಯಾರೂ ವಿವರಿಸಬೇಕಿಲ್ಲ.

ಹಾಗಾದರೆ ಜೇಮ್ಸ್ ಇಟ್ಟ ಅನುಮಾನ ಏನಾಯಿತು? ದೆವ್ವ ಹಾಡಿದ ಮೇಲೆ ದೆವ್ವ ಇದೆ ಅಂತಲೇ ಆಗಲಿಲ್ಲವಾ? ಈ ಆಕ್ಷೇಪ ಇವತ್ತಿಗೂ ಇದೆ. ನನ್ನ ಅಭಿಪ್ರಾಯದಲ್ಲಿ ಅನುಮಾನ ಸಾಯಲಿಲ್ಲ, ಜಾಗ ಬದಲಿಸಿತು. ದೆವ್ವ ಇದೆಯಾ ಎನ್ನುವುದರ ಬದಲು, ಈ ಮಗುವಿಗೆ ಹಾನಿ ಮಾಡುತ್ತಿರುವವರು ಯಾರು ಎನ್ನುವ ಪ್ರಶ್ನೆ ಎದ್ದಿತು. ಕಾಪಾಡಲು ಹೊರಟ ಯುವತಿಯ ಹಿಡಿತವೂ ದೆವ್ವದ ಹಿಡಿತದಷ್ಟೇ ಬಿಗಿ. ಅವಳ ಸಂಗೀತಕ್ಕೂ ದೆವ್ವದ ಸಂಗೀತಕ್ಕೂ ನಂಟಿದೆ ಎನ್ನುವುದನ್ನು ಕಿವಿ ಮೊದಲು ಹಿಡಿಯುತ್ತದೆ, ಬುದ್ಧಿ ಆಮೇಲೆ.

ಹಾಡಲು ಕಾರಣವೇ ಇಲ್ಲದ ಪಾತ್ರ ಸಿಕ್ಕಿದರೆ ಕಾರಣ ಕಟ್ಟಿಕೊಡಿ. ಸ್ವೀನಿ ಟಾಡ್ ಎಂಬ ಕ್ಷೌರಿಕನ ಕಥೆ 1846-47ರಲ್ಲಿ ಲಂಡನ್ನಿನ ಅಗ್ಗದ ಧಾರಾವಾಹಿಯಾಗಿ ಬಂತು. ಅಲ್ಲಿ ಅವನು ದುಡ್ಡಿಗಾಗಿ ಕತ್ತು ಕೊಯ್ಯುವವನು, ಅಷ್ಟೇ. ಕ್ರಿಸ್ಟೋಫರ್ ಬಾಂಡ್ 1973ರ ನಾಟಕದಲ್ಲಿ ಅವನಿಗೆ ಕಿತ್ತುಕೊಂಡ ಸಂಸಾರ, ಸೇಡು ಎರಡನ್ನೂ ಕೊಟ್ಟರು. ಸ್ಟೀಫನ್ ಸೋಂಡ್‌ಹೈಮ್ ಅದನ್ನೇ ಆಧಾರ ಮಾಡಿಕೊಂಡು 1979ರ ಮ್ಯೂಸಿಕಲ್ ಕಟ್ಟಿದರು. ದುಡ್ಡಿನಾಸೆಗೆ ಕೊಲ್ಲುವವನು ಒಂದು ಹಾಡು ಹಾಡಬಹುದು. ಒಂದು ಸಂಜೆ ಪೂರ್ತಿ ಹಾಡಬೇಕಾದರೆ ನೋವು ಬೇಕು.

'ಕ್ಯಾರಿ'ಯ ಸೋಲಿನಲ್ಲೂ ಇದೇ ಪಾಠ ಕಾಣುತ್ತದೆ. ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇಯಲ್ಲಿ 16 ಪೂರ್ವಪ್ರದರ್ಶನ, 5 ಪ್ರದರ್ಶನ ಮುಗಿಸಿ ಅದು 1988ರ ಮೇ ತಿಂಗಳಲ್ಲಿ ಮುಚ್ಚಿತು. ಆದರೆ ಧರ್ಮದ ಹುಚ್ಚು ಹಿಡಿದ ತಾಯಿ ಮತ್ತು ಮಗಳ ನಡುವಿನ ಹಾಡುಗಳನ್ನು ನೋಡಿದವರು ಮೆಚ್ಚಿದ್ದರು. ಆ ಇಬ್ಬರಿಗೂ ಹಾಡದೆ ಬೇರೆ ದಾರಿ ಇರಲಿಲ್ಲ. ಕ್ಯಾರಿಯ ಮೇಲೆ ಸುರಿಯಲು ರಕ್ತ ಬೇಕೆಂದು ಹುಡುಗರು ಹಂದಿ ಕೊಲ್ಲುತ್ತಾ ಕುಣಿಯುವ ಹಾಡನ್ನು ಮಾತ್ರ ವಿಮರ್ಶಕರು ಗೇಲಿ ಮಾಡಿದರು. ಕುಣಿತಕ್ಕೆ ಅಲ್ಲಿ ಕಾರಣವೇ ಇರಲಿಲ್ಲ.

5. ಪಠ್ಯ ಬರೆಯುವಾಗ

ಚಿಕ್ಕ ವಾಕ್ಯ ಬರೆಯಿರಿ. ಮೊದಲ ಸಲ ಕೇಳಿದಾಗಲೇ ಅರ್ಥ ಆಗಬೇಕು, ಯಾಕೆಂದರೆ ಪ್ರೇಕ್ಷಕರಿಗೆ ಪುಟ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಭಯ ಹುಟ್ಟಿಸುವ ವಿಶೇಷಣಗಳನ್ನೆಲ್ಲ ತೆಗೆಯಿರಿ. 'ಭೀಕರ', 'ಘೋರ' ಎನ್ನುವ ಕೆಲಸ ವಾದ್ಯಗಳದ್ದು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಎತ್ತರದ ಸ್ವರದಲ್ಲಿ 'ಆ', 'ಓ' ತೆರೆದುಕೊಳ್ಳುತ್ತವೆ. 'ಇ', 'ಉ' ಗಂಟಲಿಗೆ ಕಷ್ಟ. ನಮ್ಮ ಕ್ರಿಯಾಪದಗಳು 'ಬಂದನು', 'ಹೋಯಿತು' ಎಂದು ಉಕಾರದಲ್ಲಿ ಮುಗಿಯುವುದು ಜಾಸ್ತಿ. ಸಾಲಿನ ಕೊನೆಯನ್ನು ಎಳೆದು ಹಾಡಬೇಕಿದ್ದರೆ 'ಬಂದ', 'ಬಂದಳಾ' ಎಂದು ಆಡುಮಾತಿಗೆ ಇಳಿಸಿ, ಇಲ್ಲವೇ ಕ್ರಿಯಾಪದವನ್ನು ಸಾಲಿನ ನಡುವೆ ತನ್ನಿ. ಗಾಯಕರನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಹಾಡಿಸಿ ನೋಡಿ.

ಪಠ್ಯಕ್ಕೆ ಒಂದು ಕೊನೆಯ ದಿನಾಂಕವೂ ಇರಲಿ. ಫ್ರೆಂಚ್ ಸಂಗೀತಗಾರ ಡೆಬ್ಯುಸಿ 1908ರಿಂದ 1917ರವರೆಗೆ ಎಡ್ಗರ್ ಅಲನ್ ಪೋ ಅವರ 'ಅಷರ್ ಮನೆತನದ ಪತನ'ವನ್ನು ಒಪೆರಾ ಮಾಡಲು ಹೆಣಗಿದರು. ಪಠ್ಯವನ್ನೇ ಮತ್ತೆ ಮತ್ತೆ ಬರೆದರು. ಸಂಗೀತ ಮುಗಿಯುವ ಮುಂಚೆ ಅವರೇ ಹೋಗಿಬಿಟ್ಟರು.

6. ಒಂದು ಚಿಕ್ಕ ಎಳೆಯಿಂದ ಸಂಗೀತ ಬೆಳೆಸಿ

ಹೆದರಿಸಲು ದೊಡ್ಡ ವಾದ್ಯವೃಂದ ಬೇಕು ಎನ್ನುವುದು ತಪ್ಪು ತಿಳಿವಳಿಕೆ. ಬ್ರಿಟನ್‌ಗೆ 13 ವಾದ್ಯಗಾರರು ಸಾಕಾದರು. ಅವರ ಒಪೆರಾದ ಆರಂಭದಲ್ಲಿ ಒಂದು ರಾಗತುಣುಕು ಬರುತ್ತದೆ. ಸಪ್ತಕದ 12 ಸ್ವರಸ್ಥಾನಗಳನ್ನೂ ಅದು ಸುತ್ತಿ ಬರುತ್ತದೆ. ಆಮೇಲಿನ 16 ದೃಶ್ಯಗಳ ನಡುವೆ ಅದೇ ತುಣುಕಿನ 15 ರೂಪಾಂತರಗಳು. ಪ್ರತಿ ಸಲವೂ ತಿರುಪು ಒಂದು ಸುತ್ತು ಬಿಗಿಯಾದ ಹಾಗೆ ಕೇಳುತ್ತದೆ. ದೃಶ್ಯ ಬದಲಾಗುವ ಹೊತ್ತನ್ನೂ ಭಯಕ್ಕೆ ಬಳಸಿಕೊಂಡಿದ್ದು ದೊಡ್ಡ ಜಾಣತನ. ನಮ್ಮಲ್ಲಿ ಆ ಹೊತ್ತಿಗೆ ದೀಪ ಆರಿಸಿ ಸಾಮಾನು ಸರಿಸುತ್ತೇವೆ, ಕಟ್ಟಿದ ಭಯ ಅಷ್ಟರಲ್ಲಿ ಸೋರಿಹೋಗುತ್ತದೆ.

ದೆವ್ವಕ್ಕೆ ಒಂದು ವಾದ್ಯ ಮೀಸಲಿಡಿ. ಕ್ವಿಂಟ್ ಬರುವಾಗ ಸೆಲೆಸ್ಟಾ ಎಂಬ ಗಂಟೆದನಿಯ ವಾದ್ಯ ಮಿನುಗುತ್ತದೆ. ಒಂದೆರಡು ಸಲ ಆದ ಮೇಲೆ ದೆವ್ವ ಬರುವುದೇ ಬೇಡ, ಆ ದನಿ ಕೇಳಿದರೆ ಸಾಕು. ಮಗುವಿನ ಹಾಡೊಂದನ್ನೂ ಇಟ್ಟುಕೊಳ್ಳಿ. ಹುಡುಗ ಮೈಲ್ಸ್ ಪಾಠದ ಹೊತ್ತಿನಲ್ಲಿ ಲ್ಯಾಟಿನ್ ಪದ ನೆನಪಿಡುವ ಪುಟ್ಟ ಪದ್ಯವನ್ನು ಹಾಡುತ್ತಾನೆ. ಕೊನೆಗೆ ಅವನ ಶವ ಹಿಡಿದು ಆ ಯುವತಿ ಅದನ್ನೇ ಹಾಡುತ್ತಾಳೆ.

'ಸ್ವೀನಿ ಟಾಡ್'ನಲ್ಲಿ ಸೋಂಡ್‌ಹೈಮ್ ಬೇರೆ ರೀತಿ ಮಾಡಿದರು. ಮಾತಿನ ಕೆಳಗೂ ಸಂಗೀತ ಹರಿಯುತ್ತಲೇ ಇರುವಂತೆ ನೋಡಿಕೊಂಡರು, ಬಿಗಿ ಸಡಿಲವಾಗಲು ಬಿಡಲಿಲ್ಲ. ಸತ್ತವರಿಗಾಗಿ ಚರ್ಚಿನಲ್ಲಿ ಹಾಡುವ 'ಡಿಯೆಸ್ ಇರೇ' ರಾಗವನ್ನು ಅಲ್ಲಲ್ಲಿ ಅಡಗಿಸಿದರು. ಜೊತೆಗೆ ಕಾರ್ಖಾನೆಯ ಶಿಳ್ಳೆಯ ಚೀರಾಟ.

7. ತೋರಿಸುವುದನ್ನು ತಡ ಮಾಡಿ

'ಫ್ಯಾಂಟಮ್'ನಲ್ಲಿ ಭೂತ ಕಾಣುವ ಮುಂಚೆ ಅವನ ದನಿ ಕೇಳುತ್ತದೆ. ಆಮೇಲೆ ಕನ್ನಡಿಯಲ್ಲಿ ಆಕೃತಿ, ಆಮೇಲೆ ಮುಖವಾಡ, ಮುಖ ಕೊನೆಗೆ. ಪುಸ್ತಕದಲ್ಲಿ ಮುಖ ಪೂರ್ತಿ ಮುಚ್ಚುವ ಮುಖವಾಡ ಇದೆ. ವಿನ್ಯಾಸಕಿ ಮರಿಯಾ ಬ್ಯೋರ್ನ್‌ಸನ್ ಅರ್ಧ ಮುಖದ ಮುಖವಾಡ ಮಾಡಿದರು, ಇದರಿಂದ ನಟನ ಬಾಯಿ ಹಾಡಲು ಬಿಡುವಾಗಿರುತ್ತದೆ, ಅರ್ಧ ಮುಖದ ಭಾವನೆಯೂ ಕಾಣುತ್ತದೆ. 1986ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಮ್ಯೂಸಿಕಲ್ ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು. 2025ರ ಮಾರ್ಚ್‌ನಲ್ಲಿ ಮುಂಬೈಗೂ ಬಂದಿತ್ತು.

ಈ ತಡ ಮಾಡುವ ಕಲೆಯನ್ನು ಕಲಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ತೆರೆ ಹಿಡಿಯುತ್ತಾರೆ. ರಾಕ್ಷಸನ ಅಬ್ಬರ ಮೊದಲು ಕೇಳುತ್ತದೆ, ಚೆಂಡೆ ಏರುತ್ತದೆ, ಪಂಜಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೇಳುತ್ತದೆ. ಪೂರ್ತಿ ವೇಷ ಕಾಣುವಷ್ಟರಲ್ಲಿ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ಬಿ. ವಿ. ಕಾರಂತರು 1979ರಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ' ಎಂದು ಹಿಂದಿಯಲ್ಲಿ ಮಾಡಿಸಿದಾಗ ಯಕ್ಷಗಾನದ ಶೈಲಿಯನ್ನೇ ನೆಚ್ಚಿಕೊಂಡಿದ್ದರು. ನೀವು ಕನ್ನಡದಲ್ಲಿ ಹಾರರ್ ಸಂಗೀತ ನಾಟಕ ಕಟ್ಟುವುದಾದರೆ ಹೊಗೆಯಂತ್ರ ಬಾಡಿಗೆಗೆ ತರುವ ಮುಂಚೆ ಒಂದು ರಾತ್ರಿ ಪೂರ್ತಿ ಆಟ ನೋಡಿ ಬನ್ನಿ.

8. ರಕ್ತ, ಮೈಕು, ಮಕ್ಕಳು

ರಂಗದ ರಕ್ತ ಮೈಕಿನ ಶತ್ರು. ದ್ರವ ಒಳಗಿಳಿದರೆ ದನಿ ಹೋಗುತ್ತದೆ, ಅದೂ ಕಥೆಯ ತುದಿಯಲ್ಲಿ. ರಕ್ತ ಬೀಳುವ ದೃಶ್ಯದಲ್ಲಿ ಮೈಕನ್ನು ಕೂದಲೊಳಗೆ, ರಕ್ತ ಹರಿಯದ ಕಡೆ ಕಟ್ಟಿ. ಬೆಳಕಿನಿಂದಲೇ ಕೆಂಪು ಮಾಡಲು ಆಗುತ್ತದಾ ಅಂತಲೂ ಯೋಚಿಸಿ. ನೆಲ ಜಾರುತ್ತದೆ, ಆದ್ದರಿಂದ ಅದಾದ ಮೇಲೆ ಕುಣಿತ ಇಡಬೇಡಿ. ಹೊಗೆ ಹಾಡುವವರ ಗಂಟಲು ಒಣಗಿಸುತ್ತದೆ. ಅವರು ನಿಲ್ಲುವ ಜಾಗದಿಂದ ದೂರ ಬಿಡಿ.

ಮಕ್ಕಳ ಪಾತ್ರಕ್ಕೆ ಇಬ್ಬರನ್ನು ತಯಾರು ಮಾಡಿ. ಹುಡುಗರ ದನಿ ಯಾವಾಗ ಒಡೆಯುತ್ತದೋ ಹೇಳಲಾಗದು. ಕಥೆಯಲ್ಲಿ ಏನಿದೆ ಅಂತ ತಂದೆತಾಯಿಗೆ ಮುಚ್ಚಿಡದೆ ತಿಳಿಸಿ. ಮೊದಲ ದಿನವೇ ದೆವ್ವದ ಪಾತ್ರಧಾರಿಯನ್ನು ಮೇಕಪ್ ಇಲ್ಲದೆ ಮಕ್ಕಳ ಜೊತೆ ಊಟಕ್ಕೆ ಕೂರಿಸಿ. ಮುಖವಾಡ ಹಾಕುವುದು, ತೆಗೆಯುವುದು ಅವರ ಕಣ್ಣೆದುರೇ ಆಗಲಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಪ್ರೇಕ್ಷಕರು ಹೆದರಬೇಕು, ಮಗು ಹೆದರಬಾರದು.

9. ಪಿಯಾನೊ, ಹಾರ್ಮೋನಿಯಂ ಇಟ್ಟುಕೊಂಡು ಓದಿ ನೋಡಿ

ವೇಷ, ಬೆಳಕು ಏನೂ ಇಲ್ಲದೆ ಇಪ್ಪತ್ತು ಮೂವತ್ತು ಜನರ ಮುಂದೆ ಪೂರ್ತಿ ಹಾಡಿಸಿ. ಕಥೆ ಗೊತ್ತಿಲ್ಲದವರನ್ನೇ ಕರೆಯಿರಿ. ನಿಮ್ಮ ತಂಡದ ಒಬ್ಬರು ರಂಗ ನೋಡದೆ ಜನರನ್ನು ಮಾತ್ರ ನೋಡುತ್ತಾ ಕೂರಲಿ. ಎಲ್ಲಿ ನಕ್ಕರು, ಎಲ್ಲಿ ಫೋನ್ ತೆಗೆದರು, ಎಲ್ಲಿ ಕೆಮ್ಮು ನಿಂತಿತು ಅಂತ ಪಠ್ಯದ ಪಕ್ಕದಲ್ಲೇ ಬರೆದುಕೊಳ್ಳಲಿ. ಕೆಮ್ಮು ನಿಂತ ಜಾಗವನ್ನು ಮುಟ್ಟಬೇಡಿ.

ಬೇಡದ ಕಡೆ ನಗು ಬಂದರೆ ಹೆಚ್ಚಾಗಿ ಅಲ್ಲಿ ಹಾಡಬಾರದವರು ಹಾಡುತ್ತಿರುತ್ತಾರೆ. ನಾಲ್ಕನೇ ಹೆಜ್ಜೆಯಲ್ಲಿ ಮಾಡಿದ ಪಟ್ಟಿ ತೆಗೆದು ಆ ಪಾತ್ರದ ಹಾಡನ್ನು ಮಾತು ಮಾಡಿ ನೋಡಿ. ಮಾತೂ ಕೆಲಸ ಮಾಡದಿದ್ದರೆ ಸುಮ್ಮನಿರಿಸಿ. ಇದಕ್ಕೆ ಸಮಯ ಹಿಡಿಯುತ್ತದೆ. ಜೆಕಿಲ್ ಮ್ಯೂಸಿಕಲ್ 1990ರಲ್ಲಿ ಹ್ಯೂಸ್ಟನ್‌ನಲ್ಲಿ ಆಡಿದ ಮೇಲೆ ಬ್ರಾಡ್‌ವೇ ಮುಟ್ಟಿದ್ದು 1997ರಲ್ಲಿ. ಅಲ್ಲಿ 1,543 ಪ್ರದರ್ಶನ ನಡೆಯಿತು. ಹಾಗಾಗಿ ಮೊದಲ ಓದಿಗೂ ಮೊದಲ ಪ್ರಯೋಗಕ್ಕೂ ನಡುವೆ ಕನಿಷ್ಠ ಇನ್ನೊಂದು ಓದು ಇಡುವಷ್ಟು ದಿನ ಬಿಟ್ಟೇ ರಂಗಮಂದಿರ ಬುಕ್ ಮಾಡಿ.